ವೈದ್ಯ ಬುಕಾನನ್ನನ ಕರ್ನಾಟಕ ಸಂಚಾರ: ಅವನ ಮಾತಿನ ಪ್ರಾಮಾಣ್ಯವಿಚಾರ

೧

ಕರ್ನಾಟಕದ ಜಾತಿವೃತ್ತಾಂತಗಳನ್ನಾಗಲಿ, ಬೇಸಾಯದ ಪೂರ್ವಸ್ಥಿತಿಯನ್ನಾಗಲಿ, ಊರುಗಳ ಹಿಂದಿನ ಕಥೆಯನ್ನಾಗಲಿ ಕುರಿತು ಬರೆಯುವವರು ‘ಬುಕಾನನ್ ಹೀಗೆ ಹೇಳಿರುತ್ತಾನೆ’ ಎಂಬ ಮಾತನ್ನು ಆಗಾಗ್ಗೆ ಉಪಯೋಗಿಸುವುದುಂಟು. ಈ ಮಾತನ್ನು ಬರೆದೊಡನೆ ವಾದವು ಮುಗಿಯಿತೆಂದು ಬರೆದವರೂ ಭಾವಿಸುವರು, ಓದುವವರೂ ಭಾವಿಸುವರು. ಆದರೆ ಬುಕಾನನ್ನನು ಅದನ್ನು ಕಂಡು ಹೇಳಿದನೋ, ಅಳೆದು ಹೇಳಿದನೋ, ಕೇಳಿ ಹೇಳಿದನೋ, ಕೇಳಿದ್ದಾದರೆ ಯಾರಿಂದ ಕೇಳಿದನು ಎಂಬುದನ್ನು ವಿಚಾರಿಸುವವರು ವಿರಳ. ಸಾಕ್ಷಿಯ ಯೋಗ್ಯತೆಯನ್ನು ಪರೀಕ್ಷಿಸದೆ ಸಾಕ್ಷ್ಯವನ್ನು ಸ್ವೀಕರಿಸುವುದು ನಮ್ಮ ಶಾಸ್ತ್ರಪದ್ಧತಿಗೆ ಸಮ್ಮತವಲ್ಲ. ಆದುದರಿಂದ ಈತನು ಯಾರು, ಯಾವ ಕಾರ್ಯಕ್ಕಾಗಿ ಬಂದನು, ಅವನ ಗ್ರಂಥದಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಬೇಕು. ಇದೇ ಕಾಲದಲ್ಲಿ ಇಂಡಿಯಾದಲ್ಲಿ ಇಬ್ಬರು ಬುಕಾನನ್ನರಿದ್ದರು. ಒಬ್ಬನು ಕ್ಲಾಡಿಯಸ್ ಬುಕಾನನ್. ಅವನು ಕ್ರೈಸ್ತ ಪಾದ್ರಿ, ೧೮೦೬ರಲ್ಲಿ ಮಲೆಯಾಳ ದೇಶವನ್ನು ನೋಡಿದವನು. ಮತ್ತೊಬ್ಬನು ಫ್ರಾನ್ಸಿಸ್ ಬುಕಾನನ್. ಅವನು ವೈದ್ಯ, ನಮ್ಮ ಪ್ರಸ್ತುತ ವಿಷಯ. ಈ ಎರಡನೆಯವನು ತಾಯಿಯ ಕಡೆಯ ಆಸ್ತಿಗೆ ಹಕ್ಕುದಾರನಾದಾಗ ೧೮೧೮ರಲ್ಲಿ ‘ಹ್ಯಾಮಿಲ್ಟನ್’ ಎಂಬ ಹೆಸರನ್ನು ಧರಿಸಿದನು. ಆದಕಾರಣ ಸಸ್ಯಶಾಸ್ತ್ರ, ಮತ್ಸ್ಯಶಾಸ್ತ್ರಗಳ ಪುಸ್ತಕಗಳಲ್ಲಿ ಕಾಣುವ ಹ್ಯಾಮಿಲ್ಟನ್ನನೂ ಮೈಸೂರಿನ ಚರಿತ್ರೆಯಲ್ಲಿ ಕಾಣುವ ಬುಕಾನನ್ನನೂ ಒಬ್ಬನೇ ಎಂದು ತಿಳಿಯಬೇಕು.

೨

ಯೂರೋಪಿನ ವೈದ್ಯರು ನಮ್ಮ ನಾಡಿನ ಕಡೆಗೆ ಬಂದುದು ಬುಕಾನನ್ನನಿಂದ ಆರಂಭವಾದುದಲ್ಲ. ಗಾರ್ಸಿಯಾ ದ ಓರ್ತನೆಂಬ ಪೋರ್ತುಗೀಸ್ ವೈದ್ಯನು ೧೫೩೪ರಲ್ಲಿ ಹೊರಟು ಗೋವೆಯನ್ನು ಸೇರಿ, ಇಲ್ಲಿಯ ಮೂಲಿಕೆ ಮತ್ತು ಔಷಧದ್ರವ್ಯಗಳನ್ನು ಕುರಿತು ಸಂವಾದರೂಪವಾದ ಗ್ರಂಥವೊಂದನ್ನು ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದನು. ಅವನು ಈ ದೇಶದ ವೈದ್ಯರನ್ನು ಕೇಳಿ ಕಲಿಯುವುದಕ್ಕೆ ಸಂಕೋಚಪಟ್ಟವನಲ್ಲ. ಅನಂತರ ಜಾನ್ ಫ್ರೈಯರನೆಂಬ ಇಂಗ್ಲಿಷ್ ವೈದ್ಯನು ೧೬೭೨ರಲ್ಲಿ ಇಂಗ್ಲೆಂಡಿನಿಂದ ಹೊರಟು ಕಾರವಾರ, ಗೋಕರ್ಣಗಳನ್ನು ನೋಡಿ, ತನ್ನ ಪ್ರವಾಸವೃತ್ತಾಂತವನ್ನು ಪತ್ರರೂಪದಲ್ಲಿ ೧೬೯೮ರಲ್ಲಿ ಪ್ರಕಟಿಸಿದನು. ಓರ್ತನು ದ್ರವ್ಯಗಳನ್ನು ಕುರಿತು ಬರೆದನು. ಫ್ರೈಯರನು ತಾನು ಕಂಡ ವಿಚಿತ್ರಗಳನ್ನು ಕುರಿತು ಬರೆದನು. ಘಟ್ಟದ ಮೇಲಣ ಕನ್ನಡನಾಡನ್ನೂ ಕೆಳಗಣ ಕರಾವಳಿಯನ್ನೂ ಊರೂರಾಗಿ ನಡೆದು, ಒಕ್ಕಲಿಗನ ಹೊಲದ ಬದುವಿನಲ್ಲಿ ನಿಂತು ಪ್ರಶ್ನೆ ಕೇಳಿ ದಿನಚರಿ ಬರೆದವನು ಬುಕಾನನ್ನನು. ಹಿಂದಿನ ಇಬ್ಬರಿಗಿಂತ ಅವನ ಗ್ರಂಥವು ನಮಗೆ ಹೆಚ್ಚು ಉಪಯುಕ್ತವಾಗಲು ಇದೇ ಕಾರಣ.

ಫ್ರಾನ್ಸಿಸ್ ಬುಕಾನನ್ನನು ೧೭೬೨ರ ಫೆಬ್ರವರಿ ೧೫ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೊ ವಿದ್ಯಾಪೀಠದಲ್ಲಿ ವೈದ್ಯವನ್ನು ಓದಿ ೧೭೮೩ರಲ್ಲಿ ಪದವಿಯನ್ನು ಪಡೆದನು. ಅಲ್ಲಿಯೇ ಜಾನ್ ಹೋಪನೆಂಬ ಅಧ್ಯಾಪಕನಲ್ಲಿ ಸಸ್ಯಶಾಸ್ತ್ರವನ್ನೂ ಕಲಿತನು. ಆ ಕಾಲದ ಯೂರೋಪಿನಲ್ಲಿ ಸಸ್ಯಶಾಸ್ತ್ರವು ವೈದ್ಯಶಾಸ್ತ್ರದ ಅಂಗವಾಗಿದ್ದಿತು. ನಮ್ಮಲ್ಲಿ ದ್ರವ್ಯಗುಣವಿಜ್ಞಾನವು ಆಯುರ್ವೇದಕ್ಕೆ ಹೇಗೋ ಹಾಗೆ. ಕೆಲಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, ೧೭೯೪ರಲ್ಲಿ ಬಂಗಾಳದ ಕಂಪನಿಯ ವೈದ್ಯಶಾಖೆಯನ್ನು ಸೇರಿದನು. ಮರುವರ್ಷವೇ ಸೈಮ್ಸ್ ಎಂಬ ಅಧಿಕಾರಿಯ ಜೊತೆಗೆ ಬರ್ಮಾ ದೇಶದ ಆವಾ ರಾಜ್ಯಕ್ಕೆ ಹೋದ ರಾಯಭಾರದಲ್ಲಿ ವೈದ್ಯನಾಗಿ ಹೋದನು. ಅಲ್ಲಿಂದ ಬಂದ ಮೇಲೆ ಬರ್ಮೀಯರ ಮತ ಮತ್ತು ಸಾಹಿತ್ಯವನ್ನು ಕುರಿತು ಒಂದು ಲೇಖನವನ್ನೂ, ಆ ರಾಜ್ಯದ ಹಲವು ಭಾಷೆಗಳ ಶಬ್ದಗಳನ್ನು ಹೋಲಿಸಿದ ಮತ್ತೊಂದು ಲೇಖನವನ್ನೂ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಸಂಪುಟಗಳಲ್ಲಿ ಪ್ರಕಟಿಸಿದನು. ಪರಭಾಷೆಯ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಅಭ್ಯಾಸವು ಅವನಿಗೆ ಮೈಸೂರಿಗೆ ಬರುವುದಕ್ಕೆ ಮೊದಲೇ ಇದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು. ೧೭೯೮ರಲ್ಲಿ ಚಿತ್ತಗಾಂಗಿನ ಕಡೆಯ ಗುಡ್ಡಗಾಡುಗಳಲ್ಲಿ ಸಾಂಬಾರಪದಾರ್ಥಗಳ ತೋಟಕ್ಕೆ ಯೋಗ್ಯವಾದ ನೆಲವನ್ನು ಹುಡುಕುವ ಕೆಲಸವೂ ಅವನ ಪಾಲಿಗೆ ಬಂದಿತು.

೩

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದನು. ಜೂನ್ ತಿಂಗಳ ಕೊನೆಯಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಕರಾವಳಿಯು ಕಂಪನಿಯ ವಶವಾಯಿತು. ಹೀಗೆ ಹೊಸದಾಗಿ ಕೈಗೆ ಬಂದ ಮತ್ತು ಕೈಕೆಳಗೆ ಬಂದ ಸೀಮೆಗಳಲ್ಲಿ ಏನೇನು ಬೆಳೆಯುವುದು, ಏನೇನು ದೊರೆಯುವುದು, ಜನರು ಹೇಗೆ ಬದುಕುವರು ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ೧೮೦೦ರ ಫೆಬ್ರವರಿ ೨೪ರಂದು ಬುಕಾನನ್ನನಿಗೆ ಅಪ್ಪಣೆ ಕೊಟ್ಟನು. ಆ ಅಪ್ಪಣೆಯಲ್ಲಿ ಮೊದಲನೆಯ ಸ್ಥಾನವು ಬೇಸಾಯಕ್ಕೆ. ಅನಂತರ ದನಕರುಗಳು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿಗಳು ಮತ್ತು ಖನಿಜಗಳು, ಕೈಕಸಬುಗಳು, ಹವೆ ಮತ್ತು ಋತುಗಳು, ಕೊನೆಗೆ ಜನರ ಸ್ಥಿತಿಗತಿ. ಈ ಕ್ರಮವನ್ನು ನೋಡಿದರೆ ಕಳುಹಿಸಿದವರ ಉದ್ದೇಶವು ವ್ಯಾಪಾರ ಮತ್ತು ಕಂದಾಯಗಳೆಂಬುದು ಸ್ಪಷ್ಟವಾಗುವುದು. ಹೋದವನು ಮಾತ್ರ ಕಳುಹಿಸಿದವರು ಕೇಳಿದುದಕ್ಕಿಂತ ಹೆಚ್ಚನ್ನು ಬರೆದುಕೊಂಡು ಬಂದನು.

ಅವನು ೧೮೦೦ರ ಏಪ್ರಿಲ್ ೨೩ರಂದು ಮದರಾಸನ್ನು ಬಿಟ್ಟನು. ಕಂಚಿಯ ಮಾರ್ಗವಾಗಿ ಘಟ್ಟವನ್ನು ಹತ್ತಿ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸೇರಿದನು. ಮಳೆಗಾಲದಲ್ಲಿ ಕೋಲಾರ, ಸಿರಾ, ಮಧುಗಿರಿ, ಮೇಲುಕೋಟೆಗಳ ಕಡೆ ಸುತ್ತಿದನು. ಅಲ್ಲಿಂದ ಕಾವೇರಿಯನ್ನು ಅನುಸರಿಸಿ ಕೊಯಮತ್ತೂರು, ಪಾಲಕ್ಕಾಡುಗಳ ಮೂಲಕ ಮಲೆಯಾಳ ದೇಶಕ್ಕೆ ಇಳಿದನು. ೧೮೦೧ರ ಆರಂಭದಲ್ಲಿ ಮಂಗಳೂರಿನ ಸೀಮೆಯನ್ನು ಹೊಕ್ಕು, ಕಾರ್ಕಳ, ಮೂಡುಬಿದಿರೆ, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ನೋಡಿಕೊಂಡು ಮತ್ತೆ ಘಟ್ಟವನ್ನು ಹತ್ತಿದನು. ಸೋದೆ, ಬನವಾಸಿ, ಇಕ್ಕೇರಿ, ನಗರ, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಮರಳಿ, ೧೮೦೧ರ ಜುಲೈ ೬ರಂದು ಮದರಾಸನ್ನು ಮುಟ್ಟಿದನು. ಹದಿನಾಲ್ಕು ತಿಂಗಳಿಗೆ ಸ್ವಲ್ಪ ಮೇಲ್ಪಟ್ಟ ಈ ಸಂಚಾರದ ದಿನಚರಿಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ೧೮೭೦ರಲ್ಲಿ ಮದರಾಸಿನಲ್ಲಿ ಎರಡು ಸಂಪುಟಗಳಾಗಿ ಪುನರ್ಮುದ್ರಣವಾಯಿತು. ಗ್ರಂಥವು ವಿಷಯಾನುಕ್ರಮವಾಗಿಲ್ಲ, ದಿನಾನುಕ್ರಮವಾಗಿದೆ. ಓದುವವರಿಗೆ ಇದರಿಂದ ಶ್ರಮವುಂಟು. ಆದರೆ ಯಾವ ಮಾತು ಯಾವ ಊರಿನಲ್ಲಿ ಹುಟ್ಟಿತೆಂಬುದು ತಿಳಿಯುವುದರಿಂದ ಪರೀಕ್ಷಕನಿಗೆ ಅದೇ ಉಪಕಾರ.

ನಮ್ಮ ಬಳ್ಳಾರಿ ಸೀಮೆಯು ಅವನ ಮಾರ್ಗದಲ್ಲಿ ಬರಲಿಲ್ಲ. ಅವನು ಹೊರಟಾಗ ಅದು ನಿಜಾಮನಿಗೆ ಸೇರಿತ್ತು. ಅವನು ಸಂಚರಿಸುತ್ತಿರುವಾಗಲೇ, ೧೮೦೦ರ ಅಕ್ಟೋಬರಿನ ಒಪ್ಪಂದದಿಂದ, ದತ್ತಮಂಡಲದ ಭಾಗವಾಗಿ ಕಂಪನಿಗೆ ಬಂದಿತು. ಕನ್ನಡ ಕರಾವಳಿಯಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಆಗ ಈ ಕಡೆಗೆ ಬಂದನು. ಬುಕಾನನ್ನನು ಕರಾವಳಿಯನ್ನು ಸೇರುವಾಗ ಮನ್ರೋ ಅದನ್ನು ಬಿಟ್ಟಾಗಿತ್ತು. ಬಳ್ಳಾರಿಯವರಾದ ನಮಗೆ ತುಂಗಭದ್ರೆಯ ದಡದ ಹರಿಹರವೇ ಅವನು ನಮ್ಮ ಕಡೆಗೆ ಬಂದ ಸಮೀಪದ ಸ್ಥಳಗಳಲ್ಲಿ ಒಂದು.

೪

ಇನ್ನು ಮುಖ್ಯ ವಿಷಯಕ್ಕೆ ಬರುವೆನು. ಆಯುರ್ವೇದದಲ್ಲಿ ರೋಗಿಯ ಪರೀಕ್ಷೆಯು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ವಿಧ. ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟಿ ತಿಳಿಯುವುದು, ಬಾಯಿಂದ ಕೇಳುವುದು. ಈ ಮೂರರಲ್ಲಿ ಪ್ರಶ್ನವು ಅತ್ಯಾವಶ್ಯಕವಾದರೂ ಅತಿ ದುರ್ಬಲ. ಏಕೆಂದರೆ ರೋಗಿಯು ಮರೆಯಬಹುದು, ನಾಚಬಹುದು, ಭಯದಿಂದ ಮರೆಮಾಚಬಹುದು. ಬುಕಾನನ್ನನು ಆಯುರ್ವೇದವನ್ನು ಓದಿದವನಲ್ಲ. ಆದರೂ ವೈದ್ಯನಾದ ಅವನ ಗ್ರಂಥವನ್ನು ಈ ಮೂರು ಭಾಗಗಳಾಗಿ ವಿಂಗಡಿಸಿ ಓದಿದರೆ ಅದರ ಬಲಾಬಲಗಳು ತಾವಾಗಿ ತೋರುವುವೆಂಬುದು ನನ್ನ ಅಭಿಪ್ರಾಯ.

ದರ್ಶನದಿಂದ ಬರೆದುದಕ್ಕೆ ಕೈಕಸಬುಗಳ ವರ್ಣನೆಯು ಉತ್ತಮ ನಿದರ್ಶನ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದನ್ನೂ, ಆ ತಂತಿಯು ದೂರದೂರದ ದೇಶಗಳಿಗೆ ಹೋಗುತ್ತಿದ್ದುದನ್ನೂ ಅವನು ಬರೆದಿರುವನು. ಮಧುಗಿರಿಯ ಕಡೆಯಲ್ಲಿ ಕಪ್ಪು ಮರಳಿನಿಂದ ಕಬ್ಬಿಣವನ್ನು ತೆಗೆಯುವ ಕುಲುಮೆಗಳು, ಅವುಗಳಲ್ಲಿ ದುಡಿಯುವವರು, ಉತ್ಪನ್ನವನ್ನು ಅವರು ಪಾಲು ಹಂಚಿಕೊಳ್ಳುವ ಬಗೆ ಇವೆಲ್ಲವೂ ಅವನ ಪುಟಗಳಲ್ಲಿವೆ. ಮಾಗಡಿಯ ಕಡೆ ಉಕ್ಕು ಮಾಡುವವರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಇಟ್ಟು ಬಾಯಿ ಮುಚ್ಚಿ ಕಾಸುತ್ತಿದ್ದರೆಂದು ಹೇಳುವನು. ತಂಗಡಿಯೆಂದರೆ ಸಂಸ್ಕೃತ ನಿಘಂಟುಗಳ ಆವರ್ತಕೀ. ಕಟ್ಟಿಗೆಯ ಅಂಗಾರಾಂಶವು ಕಬ್ಬಿಣಕ್ಕೆ ಸೇರಿ ಉಕ್ಕಾಗುವುದೆಂದು ಈಗಿನ ರಸಾಯನಶಾಸ್ತ್ರವು ಹೇಳುತ್ತದೆ. ಬುಕಾನನ್ನನು ನೋಡಿದುದನ್ನು ಅಂದವಾಗಿಸಲು ಯತ್ನಿಸದೆ, ಗಿಡದ ಹೆಸರನ್ನು ಸಹ ಬಿಡದೆ ಬರೆದುದರಿಂದ ಆ ಕಸಬು ನಿಂತುಹೋದ ಮೇಲೂ ಅದರ ಕ್ರಮವು ನಮಗೆ ತಿಳಿಯುವಂತಾಗಿದೆ.

ಸಸ್ಯಗಳ ವಿಷಯದಲ್ಲಿ ಅವನ ಉಪಕಾರವು ಇನ್ನೂ ಹೆಚ್ಚಿನದು. ಕಾಡಿನ ಮರಗಳ ಪಟ್ಟಿಗಳನ್ನು ಕೊಡುವಾಗ ಅಲ್ಲಿಯ ಜನರು ಕರೆಯುವ ಹೆಸರನ್ನೂ ಲಿನ್ನೇಯಸನ ಪದ್ಧತಿಯ ಹೆಸರನ್ನೂ ಅವನು ಜೊತೆಯಾಗಿ ಬರೆಯುವನು. ನಮ್ಮ ನಿಘಂಟುಗಳಲ್ಲಿ ಒಂದು ದ್ರವ್ಯಕ್ಕೆ ಹತ್ತು ಹೆಸರು, ಹತ್ತು ದ್ರವ್ಯಗಳಿಗೆ ಒಂದು ಹೆಸರು ಇರುವುದನ್ನು ಬಲ್ಲವರಿಗೆ ಇದರ ಬೆಲೆಯು ತಿಳಿದೀತು. ಯಾವ ಊರಿನಲ್ಲಿ ಯಾವ ಮರಕ್ಕೆ ಯಾವ ಹೆಸರು ೧೮೦೦ರಲ್ಲಿ ಇದ್ದಿತೆಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯವು ದೊರೆಯುವುದು ಅಪೂರ್ವ.

ಸ್ಪರ್ಶನವೆಂದರೆ ಇಲ್ಲಿ ಅಳೆಯುವುದು, ತೂಗುವುದು, ಬರಹವನ್ನು ಕೈಯಲ್ಲಿ ಹಿಡಿದು ನೋಡುವುದು ಎಂದು ತಿಳಿಯಬೇಕು. ಕಾರ್ಕಳದ ಗೊಮ್ಮಟಮೂರ್ತಿಯು ಏಕಶಿಲೆಯದೆಂದೂ, ನೆಲದ ಮೇಲೆ ೩೮ ಅಡಿ ಎತ್ತರವೆಂದೂ, ಅದರ ಶಾಸನದ ಪ್ರಕಾರ ವೀರಪಾಂಡ್ಯನು ೩೬೯ ವರ್ಷಗಳ ಹಿಂದೆ ಮಾಡಿಸಿದನೆಂದೂ ಅವನು ಹೇಳುವನು. ೧೮೦೧ರಲ್ಲಿ ೩೬೯ನ್ನು ಕಳೆದರೆ ೧೪೩೨ ಬರುವುದು. ಶಾಸನಜ್ಞರು ಅನಂತರ ನಿರ್ಧರಿಸಿದ ವರ್ಷವೂ ಅದೇ. ಎತ್ತರವನ್ನು ಮಾತ್ರ ಈಗ ಸುಮಾರು ೪೨ ಅಡಿ ಎನ್ನುವರು. ಬರಹವನ್ನು ಆಧರಿಸಿದ ಮಾತು ನಿಂತಿತು. ಅಳತೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಬನವಾಸಿ, ಹರಿಹರ ಮುಂತಾದೆಡೆಗಳಲ್ಲಿ ಅವನು ಶಾಸನಗಳ ಕಡೆಗೂ ಲಕ್ಷ್ಯವಿಟ್ಟನು. ರೈಸ್ ಮಹಾಶಯನ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವು ಹೊರಬಂದುದು ೧೮೮೬ರಲ್ಲಿ ಎಂಬುದನ್ನು ನೆನೆದರೆ, ಕರ್ನಲ್ ಮೆಕೆಂಜಿಯೂ ಬುಕಾನನ್ನನೂ ಈ ದಾರಿಯನ್ನು ಎಷ್ಟು ಮೊದಲು ತುಳಿದರೆಂಬುದು ಅರ್ಥವಾಗುವುದು.

ಅಳತೆಯ ವಿಷಯದಲ್ಲಿ ಅವನ ಎಚ್ಚರವು ಶ್ಲಾಘ್ಯ. ಖಂಡುಗ, ಕೊಳಗ ಎಂಬ ಹೆಸರು ಎಲ್ಲೆಡೆಯೂ ಒಂದೇ ಆದರೂ ಪ್ರಮಾಣವು ಊರಿಂದೂರಿಗೆ ಬೇರೆಯೆಂದು ಕಂಡು, ಅಲ್ಲಲ್ಲಿ ಕೊಳಗಕ್ಕೆ ಎಷ್ಟು ಸೇರು ಎಂಬುದನ್ನು ಕೇಳಿ ಬರೆದುಕೊಂಡನು. ನೆಲದ ವಿಸ್ತಾರವನ್ನು ಅದಕ್ಕೆ ಹಿಡಿಯುವ ಬಿತ್ತನೆಯ ಬೀಜದಿಂದ ಹೇಳುವ ನಮ್ಮ ರೂಢಿಯನ್ನೂ, ಆದಕಾರಣ ಒಂದು ಖಂಡುಗದ ಗದ್ದೆಯೂ ಒಂದು ಖಂಡುಗದ ಹೊಲವೂ ವಿಸ್ತಾರದಲ್ಲಿ ಸಮವಲ್ಲವೆಂಬುದನ್ನೂ ಅವನು ತಿಳಿದುಕೊಂಡನು. ಶಾಸನಗಳಲ್ಲಿ ‘ಇಷ್ಟು ಖಂಡುಗ ಭೂಮಿ’ ಎಂದು ಬಂದಾಗ ಇಂದಿಗೂ ಎಕರೆಗೆ ತಿರುಗಿಸಿ ಎಡವುವವರು ಈ ಪುಟಗಳನ್ನು ಓದಿದರೆ ಮೇಲು.

೫

ಪ್ರಶ್ನದಿಂದ ತಿಳಿದುದೇ ಗ್ರಂಥದ ಬಹುಭಾಗ. ಎಚ್ಚರವು ಬೇಕಾದುದೂ ಅಲ್ಲಿಯೇ. ಬುಕಾನನ್ನನಿಗೆ ಕನ್ನಡ ಬಾರದು. ಒಕ್ಕಲಿಗನ ಮಾತು ದುಭಾಷಿಯ ಕಿವಿಯ ಮೂಲಕ, ದುಭಾಷಿಯ ಮಾತು ಇಂಗ್ಲಿಷಿನ ಮೂಲಕ ಅವನ ದಿನಚರಿಯನ್ನು ಸೇರಿತು. ಇದಲ್ಲದೆ ಕೇಳುವವನು ಯಾರು ಎಂಬುದನ್ನು ಹೇಳುವವನು ಚೆನ್ನಾಗಿ ಅರಿತಿದ್ದನು. ಹೊಸ ಸರಕಾರದ ದೊರೆಯೊಬ್ಬನು ಜವಾನರೊಡನೆ ಬಂದು ‘ನಿನ್ನ ಹೊಲದಲ್ಲಿ ಎಷ್ಟು ಬೆಳೆಯುವೆ?’ ಎಂದರೆ ಯಾವ ಒಕ್ಕಲಿಗನು ತಾನೆ ನಿಜವನ್ನು ಹೇಳುವನು? ಮುಂದಿನ ಕಂದಾಯವು ಆ ಉತ್ತರದ ಮೇಲೆ ನಿಂತಿದೆಯೆಂದು ಅವನು ಊಹಿಸದಿರನು.

ಬುಕಾನನ್ನನು ಇದನ್ನು ಅರಿಯದವನಲ್ಲ. ಒಕ್ಕಲಿಗರು ಹೇಳಿದ ಬೀಜ, ಬೆಳೆ, ಖರ್ಚು, ಕಂದಾಯಗಳನ್ನು ಕೂಡಿಸಿ ಕಳೆದು ನೋಡಿ, ಈ ಲೆಕ್ಕವು ನಿಜವಾದರೆ ಇವರು ನಷ್ಟದಲ್ಲಿಯೇ ಬದುಕಿರಬೇಕು, ಆದುದರಿಂದ ಮಾತು ನಂಬತಕ್ಕುದಲ್ಲ ಎಂಬಂತಹ ತೀರ್ಮಾನಕ್ಕೆ ಅವನೇ ಬಂದ ಪ್ರಸಂಗಗಳುಂಟು. ರೋಗಿಯ ಮಾತಿಗೂ ನಾಡಿಗೂ ವಿರೋಧ ಬಂದರೆ ವೈದ್ಯನು ನಾಡಿಯನ್ನು ನಂಬುವಂತೆ ಅವನು ಮಾತಿಗಿಂತ ಲೆಕ್ಕವನ್ನು ನಂಬಿದನು. ನಾವು ಅವನ ಅಂಕಿಗಳನ್ನು ಎತ್ತಿ ಬರೆಯುವಾಗ ಅವನೇ ಅಲ್ಲಿ ಸಂಶಯಪಟ್ಟಿರುವನೋ ಎಂದು ಮುಂದಿನ ಪುಟವನ್ನೂ ಓದುವುದು ಕರ್ತವ್ಯ.

ಜಾತಿಗಳ ಆಚಾರ, ಮೂಲ, ಗುರುಪರಂಪರೆಗಳನ್ನು ಕುರಿತ ಭಾಗಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅವನು ಆಯಾ ಕುಲದ ಮುಖ್ಯರನ್ನು ಕರೆಸಿ ಕೇಳಿದನು. ತಮ್ಮ ಕುಲವನ್ನು ಕುರಿತು ಅವರು ಹೇಳಿದುದು ತಮ್ಮ ಹೆಮ್ಮೆ. ನೆರೆಯ ಕುಲವನ್ನು ಕುರಿತು ಹೇಳಿದುದು ಎಷ್ಟೋ ಸಲ ಅವರ ವೈಮನಸ್ಯ. ಬಲಗೈ ಎಡಗೈಗಳ ವ್ಯಾಜ್ಯವು ಆಗ ಜೀವಂತವಾಗಿದ್ದಿತೆಂಬುದನ್ನು ಮರೆಯಬಾರದು. ಒಂದು ದಿನ ಒಂದು ಊರಿನಲ್ಲಿ ನಾಲ್ಕು ಮಂದಿ ಹೇಳಿದ ಮಾತನ್ನು ಇಡೀ ಕುಲದ ಮೂಲವೃತ್ತಾಂತವೆಂದು ಈಗ ಉದ್ಧರಿಸುವುದು ಹೇಳಿದವರಿಗೂ ಬರೆದವನಿಗೂ ಅನ್ಯಾಯ. ಹೇಳಿದವನು ಆಪ್ತನಾದಲ್ಲಿ ಮಾತಿನ ತೂಕವೇ ಬೇರೆ. ಕನ್ನಡ ಕರಾವಳಿಯಲ್ಲಿ ಜೈನರಿಂದ ಕೇಳಿ ಅವನು ಬರೆದುಕೊಂಡ ಅವರ ಮತದ ವಿವರಗಳನ್ನು ಏಷ್ಯಾಟಿಕ್ ಸೊಸೈಟಿಯು ಒಂಬತ್ತನೆಯ ಸಂಪುಟದಲ್ಲಿ ಮೆಕೆಂಜಿ ಮತ್ತು ಕೋಲ್‌ಬ್ರೂಕರ ಲೇಖನಗಳ ಜೊತೆಗೆ ಅಚ್ಚು ಮಾಡಿತು. ಅಲ್ಲಿ ಹೇಳಿದವರು ತಮ್ಮ ಮತವನ್ನೇ ಹೇಳಿದರು. ಅದರಲ್ಲಿ ಅವರೇ ಅಧಿಕಾರಿಗಳು.

ಟೀಪುವಿನ ಆಳಿಕೆಯನ್ನು ಕುರಿತ ಮಾತುಗಳನ್ನೂ ಇದೇ ತಕ್ಕಡಿಯಲ್ಲಿಡಬೇಕು. ಗೆದ್ದವರ ಸಂಬಳವನ್ನು ಉಣ್ಣುವವನು ಸೋತವನನ್ನು ಕುರಿತು ಬರೆದ ತೀರ್ಪು ಒಂದು. ಯುದ್ಧಗಳಲ್ಲಿ ಹಾಳಾದ ಊರನ್ನು ಕಣ್ಣಾರೆ ಕಂಡು ಬರೆದ ವರ್ಣನೆ ಮತ್ತೊಂದು. ಎರಡನೆಯದರಲ್ಲಿ ಅವನು ಒಂದೇ ಪಕ್ಷವನ್ನು ದೂರಲಿಲ್ಲ; ೧೭೯೧-೯೨ರ ಯುದ್ಧದಲ್ಲಿ ಮರಾಟೆಯವರ ದಂಡಿನಿಂದ ಜನರು ಪಟ್ಟ ಪಾಡನ್ನೂ ಬರೆದನು. ಅವನು ಕಂಡುದು ಯುದ್ಧದಿಂದ ಜರ್ಝರಿತವಾದ ನಾಡು. ಜ್ವರವು ಬಿಟ್ಟ ಮರುದಿನ ರೋಗಿಯನ್ನು ನೋಡಿದವನು ಇವನು ಹುಟ್ಟಾ ದುರ್ಬಲನೆಂದು ಹೇಳಿದರೆ ತಪ್ಪಾಗುವಂತೆ, ೧೮೦೦ರ ಸ್ಥಿತಿಯನ್ನು ಕನ್ನಡನಾಡಿನ ಸಹಜಸ್ಥಿತಿಯೆಂದು ನಾವು ತೆಗೆದುಕೊಳ್ಳಬಾರದು.

೬

ಸಾಹಿತ್ಯದ ಅಧ್ಯಾಪಕರಿಗೆ ಈ ಗ್ರಂಥದಿಂದಾಗುವ ಪ್ರಯೋಜನವೊಂದುಂಟು. ಅದು ಶಬ್ದಗಳ ವಿಷಯ. ಬುಕಾನನ್ನನು ತಾನು ಕೇಳಿದ ಕನ್ನಡ ಮಾತುಗಳನ್ನು ರೋಮನ್ ಲಿಪಿಯಲ್ಲಿ ತನಗೆ ಕೇಳಿಸಿದಂತೆ ಬರೆದನು. ಅವು ನಮ್ಮ ಕವಿಗಳ ಕಾವ್ಯದಲ್ಲಿ ಸುಲಭವಾಗಿ ಸಿಕ್ಕುವ ಮಾತುಗಳಲ್ಲ, ಹೊಲಗದ್ದೆಗಳ ಮಾತುಗಳು. ಆದರೆ ಅವನ ಬರಹವನ್ನು ಅಕ್ಷರಕ್ಕೆ ಅಕ್ಷರವಾಗಿ ಕನ್ನಡಕ್ಕೆ ತಿರುಗಿಸಿದರೆ ಗುರುತೇ ಸಿಕ್ಕದು.

ಶ್ರೀರಂಗಪಟ್ಟಣದ ಬೇಸಾಯವನ್ನು ಹ�ೇಳುವಾಗ ಅವನು ಬತ್ತದ ಬಿತ್ತನೆಯು ಮೂರು ವಿಧವೆನ್ನುವನು. ಮೊದಲನೆಯದನ್ನು ಅಕ್ಷರಶಃ ಓದಿದರೆ ‘ಬರ ಬುಟ್ಟ’, ಎರಡನೆಯದನ್ನು ಓದಿದರೆ ‘ಮೊಲ ಬುಟ್ಟ’, ಮೂರನೆಯದು ‘ನಟಿ’. ನಾನು ಮೊದಲು ಓದಿದಾಗ ಬುಟ್ಟಿಗೂ ಮೊಲಕ್ಕೂ ಗದ್ದೆಗೂ ಏನು ಸಂಬಂಧವೆಂದು ತಿಳಿಯದೆ ಪುಸ್ತಕವನ್ನು ಮುಚ್ಚಿಟ್ಟೆನು. ಕೆಲವು ದಿನಗಳ ಮೇಲೆ ಸಿರುಗುಪ್ಪದ ಕಡೆಯ ವೃದ್ಧ ರೈತರೊಬ್ಬರು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಮುಹೂರ್ತ ಕೇಳಲು ಬಂದಿದ್ದರು. ಅವರ ಮುಂದೆ ಆ ಮಾತುಗಳನ್ನು ಓದಿದೆನು. ಅವರು ನಕ್ಕು, “ಬುಟ್ಟ ಅಲ್ರೀ ಸ್ವಾಮಿ, ಅದು ಬತ್ತ ಇರಬೇಕು. ಒಣಾ ಬೀಜ ಹಾಕೋದು ಒಂದು, ಮೊಳಕಿ ಬರಿಸಿ ಚೆಲ್ಲೋದು ಒಂದು, ಅಗಿ ಕಿತ್ತು ನಾಟಿ ಮಾಡೋದು ಒಂದು. ಇದರಾಗ ತಿಳಿಯಂಥಾದ್ದು ಏನೈತ್ರೀ? ನಮ್ಮ ಕಡಿ ನೆಲ್ಲು ಅಂತೀವಿ, ಮೈಸೂರು ಕಡಿ ಬತ್ತ ಅಂತಾರ,” ಎಂದರು. ಮೂವತ್ತು ವರ್ಷ ವ್ಯಾಕರಣವನ್ನು ಪಾಠ ಹೇಳಿದ ನನಗೆ ಹೊಳೆಯದುದು ಅವರಿಗೆ ಕ್ಷಣದಲ್ಲಿ ಹೊಳೆಯಿತು.

ವಿಷಯವು ಹೀಗೆ: ಇಂಗ್ಲಿಷಿನವನು ನಮ್ಮ ಹ್ರಸ್ವ ಅಕಾರವನ್ನು ಕೇಳಿದಾಗ ಎಷ್ಟೋ ಕಡೆ ಉಕಾರದ ಅಕ್ಷರದಿಂದ ಬರೆಯುವನು. ಆದಕಾರಣ ‘ಬುಟ್ಟ’ವು ‘ಬತ್ತ’. ಳಕಾರ ಲಕಾರಗಳ ಭೇದ, ತಕಾರ ಟಕಾರಗಳ ಭೇದ, ದೀರ್ಘ ಹ್ರಸ್ವಗಳ ಭೇದ ಅವನ ಲಿಪಿಯಲ್ಲಿಲ್ಲ. ಆದಕಾರಣ ‘ಮೊಲ’ವು ‘ಮೊಳೆ’, ‘ನಟಿ’ಯು ‘ನಾಟಿ’. ಇದೇ ಕ್ರಮದಿಂದ ಅವನ ‘ಕಂಡಕ’ವು ಖಂಡುಗ, ‘ಕೊಲಗ’ವು ಕೊಳಗ, ‘ಕುರಿಗೈ’ ಎಂಬುದು ಕೂರಿಗೆ, ‘ಕುಂಟಯ್’ ಎಂಬುದು ಕುಂಟೆ. ಹೀಗೆ ಸರಿಯಾಗಿ ಓದಿಕೊಂಡ ಮೇಲೆ ಇನ್ನೊಂದು ಸಂಗತಿಯೂ ಹೊಳೆಯುವುದು. ಸಂಸ್ಕೃತದ ‘ಭಕ್ತ’ವು ಅನ್ನವೆಂಬ ಅರ್ಥದಲ್ಲಿ ಪ್ರಾಕೃತದಲ್ಲಿ ‘ಭತ್ತ’ವಾಗಿ ಕನ್ನಡಕ್ಕೆ ಬಂದು ಅಕ್ಕಿಯ ಧಾನ್ಯಕ್ಕೆ ಹೆಸರಾಯಿತು. ಪಂಡಿತರು ಮಹಾಪ್ರಾಣವನ್ನು ಉಳಿಸಿ ‘ಭತ್ತ’ ಎಂದು ಬರೆಯುವರು. ಬುಕಾನನ್ನನ ಬರಹದಲ್ಲಿ ಮಹಾಪ್ರಾಣವಿಲ್ಲ. ಒಕ್ಕಲಿಗನು ಇಂದು ಹೇಳುವಂತೆಯೇ ಅಂದೂ ಹೇಳಿದನು. ಪರದೇಶದ ಕಿವಿಯು ಅದನ್ನು ತಿದ್ದದೆ ಹಿಡಿಯಿತು. ಅಚ್ಚಗನ್ನಡದ ‘ನೆಲ್ಲು’ ನಮ್ಮ ತುಂಗಭದ್ರೆಯ ಬಯಲಿನಲ್ಲಿ ಉಳಿದಿರುವುದಕ್ಕೂ ಸಿರುಗುಪ್ಪದ ಆ ರೈತರ ಮಾತೇ ಸಾಕ್ಷಿ.

ಬತ್ತದ ಬೆಳೆಯನ್ನು ‘ಹೈನು’, ‘ಕಾರು’ ಎಂದು ಎರಡು ಕಾಲದ ಬೆಳೆಗಳಾಗಿ ಹೇಳುವ ರೂಢಿಯೂ ಅವನಲ್ಲಿ ದಾಖಲೆಯಾಗಿದೆ. ‘ಹೈನು’ ಎಂದೊಡನೆ ಹಾಲು ಮೊಸರೆಂದೇ ತಿಳಿಯುವ ನಮ್ಮ ವಿದ್ಯಾರ್ಥಿಗಳಿಗೆ ಬೆಳೆಯ ಅರ್ಥವನ್ನು ಹೇಳಿಕೊಡಬೇಕಾಗಿದೆ. ‘ಕಾರು’ ಎಂಬುದರಲ್ಲಿ ಹಳಗನ್ನಡದ ಕಾರ್ ಎಂಬ ಮಳೆಗಾಲದ ಮಾತು ಹೊಲದಲ್ಲಿ ಬಾಳುತ್ತಿರುವುದನ್ನು ಕಾಣಬಹುದು.

ದೇಶನಾಮದ ವಿಷಯದಲ್ಲಿಯೂ ಅವನ ವಿವೇಕವು ಸ್ಮರಣೀಯ. ಯೂರೋಪಿನವರು ಕರಾವಳಿಯನ್ನು ‘ಕೆನರಾ’ ಎಂದು ಕರೆಯುತ್ತಿದ್ದರು. ಅದು ‘ಕರ್ನಾಟ’ದ ಅಪಭ್ರಂಶವೆಂದೂ, ಘಟ್ಟದ ಮೇಲಣ ಕರ್ನಾಟದ ಅರಸರು ಆಳಿದುದರಿಂದ ಕೆಳಗಣ ಸೀಮೆಗೆ ಆ ಹೆಸರು ಬಿದ್ದಿತೆಂದೂ, ಅಲ್ಲಿಯವರು ತಮ್ಮ ನಾಡನ್ನು ತುಳುವ, ಹೈಗ ಎಂಬ ಹೆಸರುಗಳಿಂದ ಅರಿಯುವರೆಂದೂ ಅವನು ಬರೆದನು. ಕನ್ನಡ ಬಾರದವನು ಕನ್ನಡದ ಹೆಸರನ್ನು ಕುರಿತು ಇಷ್ಟನ್ನು ಕಂಡುದು ಸಾಮಾನ್ಯವಲ್ಲ.

೭

ಅವನ ಉಳಿದ ಜೀವಿತವನ್ನು ಸಂಕ್ಷೇಪವಾಗಿ ಹೇಳುವೆನು. ೧೮೦೨ರಲ್ಲಿ ನೇಪಾಳಕ್ಕೆ ಹೋದ ರಾಯಭಾರದಲ್ಲಿದ್ದು, ಅಲ್ಲಿಯ ವೃತ್ತಾಂತವನ್ನು ೧೮೧೯ರಲ್ಲಿ ಪ್ರಕಟಿಸಿದನು. ಬಾರಕಪುರದ ಮೃಗಶಾಲೆಯ ಮೇಲ್ವಿಚಾರಣೆಯನ್ನು ಕೆಲಕಾಲ ನೋಡಿಕೊಂಡನು. ೧೮೦೭ರಿಂದ ೧೮೧೪ರವರೆಗೆ ಬಂಗಾಳ ಬಿಹಾರಗಳ ಜಿಲ್ಲೆಗಳನ್ನು ಮೈಸೂರಿನ ಮಾದರಿಯಲ್ಲಿಯೇ, ಆದರೆ ಹೆಚ್ಚು ವಿಸ್ತಾರವಾಗಿ, ಪರಿಶೀಲಿಸಿದನು. ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ೧೮೧೪ರಲ್ಲಿ ಮುಖ್ಯಸ್ಥನಾಗಿ, ಮರುವರ್ಷ ಸ್ವದೇಶಕ್ಕೆ ಹೊರಟನು. ಹೊರಡುವಾಗ ಅವನು ಬರೆಯಿಸಿದ್ದ ಚಿತ್ರಗಳನ್ನು ಸರಕಾರವು ಕೊಂಡೊಯ್ಯಗೊಡದೆ ಕಲ್ಕತ್ತೆಯಲ್ಲಿಯೇ ಇರಿಸಿಕೊಂಡಿತು. ಇದು ಅವನ ಮನಸ್ಸನ್ನು ಬಹಳ ನೋಯಿಸಿತು. ಗಂಗಾನದಿಯ ಮೀನುಗಳನ್ನು ಕುರಿತ ಅವನ ಗ್ರಂಥವು ೧೮೨೨ರಲ್ಲಿ ಬಂದಿತು. ೧೮೨೯ರ ಜೂನ್ ೧೫ರಂದು ಅವನು ತೀರಿಕೊಂಡನು. ಅವನ ಬಂಗಾಳದ ಬರಹಗಳನ್ನು ಮಾಂಟ್‌ಗೊಮರಿ ಮಾರ್ಟಿನ್ ಎಂಬವನು ೧೮೩೮ರಲ್ಲಿ ಸಂಕ್ಷೇಪಿಸಿ, ಬರೆದವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಅಚ್ಚು ಹಾಕಿದನು.

ಆದರೂ ಹೆಸರು ಅಳಿಯಲಿಲ್ಲ. ಚಾರೋಳಿಯ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ‘ಬುಕನಾನಿಯ’ ಎಂದು ಹೆಸರಿಟ್ಟರು. ರೋಹು ಮೀನಿಗೆ ಶಾಸ್ತ್ರನಾಮವನ್ನು ಕೊಟ್ಟವನೂ, ಇಂದು ಪ್ರಯೋಗಶಾಲೆಗಳಲ್ಲಿ ರೋಗತತ್ತ್ವವನ್ನು ಶೋಧಿಸಲು ಸಾಕುವ ಪಟ್ಟೆಪಟ್ಟೆಯ ಚಿಕ್ಕ ಮೀನನ್ನು ೧೮೨೨ರಲ್ಲಿ ಮೊದಲು ವರ್ಣಿಸಿದವನೂ ಈತನೇ.

ನಿಗಮನದಲ್ಲಿ ಹೇಳತಕ್ಕುದು ಇಷ್ಟು. ಬುಕಾನನ್ನನ ಮಾತನ್ನು ಉದ್ಧರಿಸುವವರು ಪುಟದ ಸಂಖ್ಯೆಯ ಜೊತೆಗೆ ಅದು ಕಂಡುದೋ, ಅಳೆದುದೋ, ಕೇಳಿದುದೋ ಎಂಬುದನ್ನೂ, ಕೇಳಿದುದಾದರೆ ಯಾವ ಊರಿನಲ್ಲಿ ಯಾರ ಬಾಯಿಂದ ಎಂಬುದನ್ನೂ ಬರೆಯುವ ನಿಯಮವನ್ನು ಇಟ್ಟುಕೊಳ್ಳಬೇಕು. ಹಾಗೆ ಮಾಡಿದರೆ ಅವನ ಗ್ರಂಥದಿಂದ ಹುಟ್ಟಿದ ಎಷ್ಟೋ ವಾದಗಳು ಶಮನವಾಗುವುವು. ಅವನಿಗೂ ನ್ಯಾಯ ದೊರೆಯುವುದು. ಎರಡನೆಯದಾಗಿ, ಮೂರು ಸಂಪುಟಗಳಲ್ಲಿ ವೇಷ ಮರೆಸಿಕೊಂಡಿರುವ ಕನ್ನಡ ಶಬ್ದಗಳನ್ನು ಸ್ಥಳನಿರ್ದೇಶದೊಡನೆ ಪಟ್ಟಿ ಮಾಡಿ, ಆಯಾ ಸೀಮೆಯ ವೃದ್ಧ ರೈತರಿಗೂ ಕಸಬಿನವರಿಗೂ ಓದಿ ಹೇಳಿ ಶುದ್ಧರೂಪವನ್ನು ನಿರ್ಣಯಿಸಬೇಕು. ಬಾವಿಯ ಕಪಿಲೆ ಹೋಗಿ ಯಂತ್ರ ಬಂದಿದೆ; ಕೊಳಗ ಹೋಗಿ ಕಿಲೋ ಬಂದಿದೆ; ಆ ಮಾತುಗಳನ್ನು ಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿರುವರು. ಒಬ್ಬೊಬ್ಬ ಅಧ್ಯಾಪಕರು ತಮ್ಮ ತಾಲೂಕಿನ ಭಾಗವನ್ನು ವಹಿಸಿಕೊಂಡರೂ ಕೆಲಸವು ಕೆಲವೇ ವರ್ಷಗಳಲ್ಲಿ ಕೈಗೂಡೀತು. ಬತ್ತದ ಬೇಸಾಯದ ಪುಟಗಳನ್ನು ಸಿರುಗುಪ್ಪದ ರೈತರೊಡನೆ ಕುಳಿತು ಓದುವ ಕೆಲಸವನ್ನು ನಾನು ಆರಂಭಿಸಿರುವೆನು. ಇಲ್ಲಿ ನಾನು ಕೊಟ್ಟ ಶಬ್ದರೂಪಗಳಲ್ಲಿ ತಪ್ಪು ಕಂಡ ವಿದ್ವಾಂಸರು ಅದನ್ನು ಈ ಪತ್ರಿಕೆಯ ಮೂಲಕವೇ ತಿಳಿಸಿ ತಿದ್ದಬೇಕೆಂದು ಪ್ರಾರ್ಥಿಸುವೆನು.